ವಿಲ್ಲೆಮ್ ಅಜ್ಜನ ಕಡೆಯ ಪ್ಯಾದೆ

ದಾಂಡೇಲಿ ಬಿಡುವಾಗ

ಹಾಲೆಂಡಿಗೆ ಹೋಗಿ ಬಂದೆ ಎಂದರೆ ಹಳಿಯಾಳದ ಪೇಟೆಯಲ್ಲಿ ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಅಲ್ಲಿ ಏನ್ ತಿಂದ್ರಿ?’ ಬ್ರೆಡ್ಡು ತಿಂದೆ. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು, ಸಂಜೆ ಬೇಯಿಸಿದ ಬಟಾಟಿ. ಅದಾದ ಮೇಲೆ ಎರಡನೆಯ ಪ್ರಶ್ನೆ: ‘ನೋಡೂವಂಥಾದ್ದು ಏನೈತ್ರಿ ಅಲ್ಲಿ?’ ಗಾಳಿಗಿರಣಿ ನೋಡಿದೆ, ಕಾಲುವೆ ನೋಡಿದೆ, ಸಮುದ್ರಕ್ಕಿಂತ ತಗ್ಗಿನಲ್ಲಿರುವ ಹೊಲ ನೋಡಿದೆ. ಇದನ್ನು ಹೇಳಿ ಹೇಳಿ ನನಗೇ ಸಾಕಾಗಿದೆ. ಮನಸ್ಸಿನಲ್ಲಿ ಉಳಿದದ್ದು ಬೇರೆ. ಒಬ್ಬ ಮುದುಕ, ಮತ್ತು ಇಬ್ಬರು ದೊಡ್ಡ ಆಟಗಾರರು ಆಡಿ ಯಾರೂ ಗೆಲ್ಲದೆ ಬಿಟ್ಟ ಒಂದು ಬುದ್ಧಿಬಳದ ಆಟ. ಚದುರಂಗಕ್ಕೆ ನಮ್ಮ ಕಡೆ ಬುದ್ಧಿಬಳ ಎನ್ನುತ್ತೇವೆ.

ನಾನು ಹಳಿಯಾಳದ ಹತ್ತಿರದ ಸಾಂಬ್ರಾಣಿ ಊರಿನವನು, ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸ. ಮಿಲ್ಲಿಗೆ ಹೊಸ ಯಂತ್ರ ಬರುವುದಿತ್ತು. ಅದನ್ನು ನಡೆಸುವುದು ಕಲಿತು ಬನ್ನಿ ಎಂದು ನನ್ನನ್ನೂ ಫಿಟ್ಟರ್ ಖಾದರಸಾಬರನ್ನೂ ಒಂದು ಚಳಿಗಾಲದಲ್ಲಿ ಹಾಲೆಂಡಿನ ಒಂದು ಸಣ್ಣ ಊರಿಗೆ ಕಳಿಸಿದರು. ಖಾದರಸಾಬರು ನನಗಿಂತ ಹತ್ತು ವರ್ಷ ದೊಡ್ಡವರು, ಯಂತ್ರದ ಸದ್ದು ಕೇಳಿಯೇ ಅದರ ಜಡ್ಡು ಹೇಳುವ ಮನುಷ್ಯ. ನನ್ನ ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿಯ ಗಂಟು ಹಡಗಿನಲ್ಲೇ ಖಾಲಿಯಾಯಿತು, ಅದರಲ್ಲಿ ಅರ್ಧ ಅವರೇ ತಿಂದದ್ದು. ಇಳಿಯುವ ಗಡಿಬಿಡಿಯಲ್ಲಿ ಅವರು ತಮ್ಮ ತಾಮ್ರದ ತಂಬಿಗೆಯನ್ನು ಹಡಗಿನಲ್ಲೇ ಮರೆತರು. ತಂಬಿಗೆ ಹೋದದ್ದು ಸಣ್ಣ ವಿಷಯವೆಂದು ನಾನು ತಿಳಿದಿದ್ದೆ.

ಮೆಟ್ಟಿಲು, ಬಾಟ್ಲಿ, ಬಿಸ್ಕೀಟು

ನಾವಿಬ್ಬರೂ ಉಳಿದದ್ದು ವಿಲ್ಲೆಮ್ ಅಜ್ಜನ ಮನೆಯ ಅಟ್ಟದಲ್ಲಿ. ಅಜ್ಜ ಅದೇ ಊರಿನ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು. ಮನೆಯಲ್ಲಿ ಅವನೂ ಅವನ ಹೆಂಡತಿ ಯೋಹಾನ್ನಾ ಅಜ್ಜಿಯೂ ಇಬ್ಬರೇ. ಅವರದೂ ಮುರುಕು ಇಂಗ್ಲಿಷು, ನಮ್ಮದೂ ಮುರುಕು ಇಂಗ್ಲಿಷು. ಹಾಗಾಗಿ ಯಾರಿಗೂ ನಾಚಿಕೆಯಿರಲಿಲ್ಲ. ಅವರ ಮಾತು ನನ್ನ ಕಿವಿಗೆ ನಮ್ಮ ಕಡೆಯ ಹಿರಿಯರು ಮಾತಾಡಿದಂತೆಯೇ ಕೇಳುತ್ತಿತ್ತು. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಅಲ್ಲಿಯ ಮನೆಗಳ ಮೆಟ್ಟಿಲು ಕಡಿದಾದದ್ದು. ಮೊದಲ ದಿನವೇ ನಾನು ಜಾರಿ, ಮೇಲಿನಿಂದ ಕೆಳಗಿನವರೆಗೆ ಒಂದನ್ನೂ ಬಿಡದೆ ಎಲ್ಲದರ ಮೇಲೂ ಕುಂಡೆ ಊರಿಕೊಂಡು ಬಂದೆ. ‘ಬಸಪ್ಪ, ಇದು ಮನೀ ಮೆಟ್ಟಲಾ ಅಲ್ಲೋ, ಬಣವಿ ಏರೂ ನಿಚ್ಚಣಕಿ’ ಎಂದರು ಖಾದರಸಾಬರು, ಎತ್ತುವುದು ಬಿಟ್ಟು ನಗುತ್ತ.

ಅವರ ನಗು ಬಹಳ ದಿನ ನಡೆಯಲಿಲ್ಲ. ಅಲ್ಲಿಯ ಪಾಯಖಾನೆಯಲ್ಲಿ ಕಾಗದವಿದೆ, ನೀರಿಲ್ಲ. ಜೀವನವೆಲ್ಲ ಕಾಗದ ಮಾಡಿದವರಿಗೆ ಕಾಗದದ ಈ ಉಪಯೋಗ ಮಾತ್ರ ಒಗ್ಗಲಿಲ್ಲ. ತಂಬಿಗೆಯೂ ಕಳೆದಿತ್ತು. ಖಾದರಸಾಬರು ಅಜ್ಜಿಯ ಖಾಲಿ ಹಾಲಿನ ಬಾಟ್ಲಿಗಳನ್ನು ಒಂದೊಂದಾಗಿ ಒಯ್ಯತೊಡಗಿದರು. ನಾಲ್ಕಾರು ದಿನದ ಮೇಲೆ ಅಜ್ಜಿ ನನ್ನನ್ನು ಕೇಳಿದಳು: ‘ನನ್ನ ಬಾಟ್ಲಿ ಎಲ್ಲಿ ಹೊಂಟಾವ? ಹಾಲಿನವ ತಿರುಗಿ ಕೇಳ್ತಾನ.’ ನಾನು ನೆಲ ನೋಡಿದೆ. ಖಾದರಸಾಬರು ಗೋಡೆ ನೋಡಿದರು. ಮರುದಿನ ಪಾಯಖಾನೆಯಲ್ಲಿ ನೀರು ತುಂಬಿದ ಒಂದು ದೊಡ್ಡ ಬಿಳಿ ಜಗ್ಗು ಕೂತಿತ್ತು. ಅಜ್ಜಿ ಆ ವಿಷಯ ಬಾಯಿ ಬಿಡಲಿಲ್ಲ, ನಾವೂ ಬಿಡಲಿಲ್ಲ. ಅವತ್ತಿನಿಂದ ಖಾದರಸಾಬರು ಅವಳಿಗೆ ‘ಅಮ್ಮೀ’ ಎನ್ನತೊಡಗಿದರು.

ನನಗೆ ಸಿಟ್ಟು ಬರಿಸಿದ್ದು ಬಿಸ್ಕೀಟಿನ ಡಬ್ಬಿ. ಸಂಜೆ ಕಾಫಿಯ ಜೊತೆ ಅಜ್ಜಿ ಡಬ್ಬಿ ತೆರೆದು ಮುಂದೆ ಹಿಡಿಯುತ್ತಾಳೆ. ಒಂದು ತೆಗೆದುಕೊಳ್ಳಬೇಕು. ತಕ್ಷಣ ಮುಚ್ಚಳ ಟಪ್ ಎಂದು ಮುಚ್ಚುತ್ತದೆ. ನಮ್ಮ ಸಾಂಬ್ರಾಣಿಯಲ್ಲಿ ಮನೆಗೆ ಬಂದವರು ‘ಸಾಕ್ರೀ’ ಎಂದು ತಾಟಿಗೆ ಅಡ್ಡ ಕೈ ಹಿಡಿದರೆ ಕೈಮೇಲೇ ಹೋಳಿಗೆ ಬೀಳುತ್ತದೆ. ಇಲ್ಲಿ ಎರಡನೆಯ ಸಲ ಕೇಳುವವರೇ ಇಲ್ಲ. ಇದೆಂಥ ಜಿಪುಣತನ ಎಂದು ನಾನು ಒಳಗೇ ಕುದಿಯುತ್ತಿದ್ದೆ. ಒಂದು ದಿನ ಅಜ್ಜಿ ಪಾತ್ರೆಯ ತಳವನ್ನು ಕೆರೆದು ಕೆರೆದು ಕಡೆಯ ಚಮಚೆಯಷ್ಟು ಗಂಜಿಯನ್ನೂ ತೆಗೆಯುವುದನ್ನು ನಾನು ನೋಡುತ್ತಿರುವಾಗ ಅಜ್ಜ ಮೆಲ್ಲಗೆ ಹೇಳಿದ: ‘ಎರಡನೇ ಮಹಾಯುದ್ಧದ ಕಡೀ ಚಳಿಗಾಲದಾಗ ಈ ಊರಾಗ ಹಿಟ್ಟು ಇರಲಿಲ್ಲ. ಹೂವಿನ ಗಡ್ಡಿ ಕುದಿಸಿ ತಿಂದೀವಿ. ಆವಾಗಿಂದ ಆಕಿ ಹಿಂಗ.’ ಆಮೇಲೆ ಆ ಒಂದು ಬಿಸ್ಕೀಟನ್ನು ನಾನು ಸಣ್ಣ ಸಣ್ಣಗೆ ಕಡಿದು ಬಹಳ ಹೊತ್ತು ತಿನ್ನುತ್ತಿದ್ದೆ.

ಊಟದ ಮೇಲೆ ಬುದ್ಧಿಬಳ

ಅಜ್ಜನಿಗೆ ನಾನು ಬುದ್ಧಿಬಳ ಆಡುತ್ತೇನೆಂದು ತಿಳಿದದ್ದೇ ತಡ, ಸಂಜೆಯ ಊಟ ಮುಗಿಯುವ ಮೊದಲೇ ಹಲಗೆ ಮೇಜಿನ ಮೇಲೆ ಬರತೊಡಗಿತು. ಊಟವೂ ಆರಕ್ಕೇ. ನಮ್ಮಲ್ಲಿ ಆ ಹೊತ್ತಿಗೆ ಇನ್ನೂ ದನ ಮನೆಗೆ ಬಂದಿರುವುದಿಲ್ಲ.

ನಾನು ಈ ಆಟ ಕಲಿತದ್ದು ತೇರಗಾಂವದ ಸೋದರಮಾವನಿಂದ. ನಮ್ಮ ಕಡೆಯ ಆಟಕ್ಕೂ ಅವರ ಆಟಕ್ಕೂ ಸ್ವಲ್ಪ ವ್ಯತ್ಯಾಸವಿದೆ. ನಮ್ಮಲ್ಲಿ ಪ್ಯಾದೆ, ಅಂದರೆ ಕಾಲಾಳು, ಮೊದಲ ನಡೆಯಲ್ಲೂ ಒಂದೇ ಮನೆ ನಡೆಯುತ್ತದೆ. ಅವರಲ್ಲಿ ಬೇಕಾದರೆ ಎರಡು ಮನೆ ಹಾರಬಹುದು. ಇದನ್ನು ಅಜ್ಜ ಮೊದಲ ಸಂಜೆಯೇ ಕಲಿಸಿದ. ಇನ್ನೊಂದು ವ್ಯತ್ಯಾಸ ಇಬ್ಬರಿಗೂ ಹೊಳೆಯಲಿಲ್ಲ. ನಮ್ಮ ಕಡೆ ಎದುರಿನವನ ಕಾಯಿಗಳನ್ನೆಲ್ಲ ಹೊಡೆದು ರಾಜನೊಬ್ಬನನ್ನೇ ಉಳಿಸಿದರೆ ಅದು ಗೆಲುವಲ್ಲ. ‘ಬುರ್ಜಿ ಆತು’ ಎನ್ನುತ್ತಾರೆ, ಆಟ ಸಮ. ಅದಕ್ಕಾಗಿ ಬಲ್ಲವನು ಎದುರಿನವನಿಗೆ ಒಂದು ಪ್ಯಾದೆಯನ್ನಾದರೂ ಬಿಟ್ಟು, ಆಮೇಲೆ ರಾಜನನ್ನು ಮೂಲೆಗೆ ಕಟ್ಟಿ ಮಾತ್ ಮಾಡುತ್ತಾನೆ. ಚಿಕ್ಕವನಿದ್ದಾಗ ನಾನು ಕಡೆಯ ಪ್ಯಾದೆಗೆ ಕೈ ಹಾಕಿದರೆ ಮಾವ ಮಣಿಕಟ್ಟಿನ ಮೇಲೆ ಫಟ್ಟೆಂದು ಹೊಡೆಯುತ್ತಿದ್ದ: ‘ಬಳಕೊಂಡು ತಿನಬ್ಯಾಡಲೇ, ಒಂದ್ ಇರಲಿ ಅವಗ.’ ಇದು ಜಗತ್ತಿನಲ್ಲೆಲ್ಲ ಹೀಗೇ ಎಂದು ನಾನು ತಿಳಿದಿದ್ದೆ. ಅವರಲ್ಲಿ ಬರಿಯ ರಾಜ ಉಳಿದರೂ ಅಡ್ಡಿಯಿಲ್ಲ, ಮಾತ್ ಮಾಡಿ ಗೆಲ್ಲಬಹುದು ಎಂದು ನನಗೆ ಯಾರು ಹೇಳಬೇಕು?

ಅಜ್ಜ ಚೆನ್ನಾಗಿಯೇ ಆಡುತ್ತಿದ್ದ, ಆದರೆ ಕಡೆಕಡೆಗೆ ದಣಿದು ತಪ್ಪುತ್ತಿದ್ದ. ನಾನು ಗೆಲ್ಲುತ್ತಿದ್ದೆ, ಪ್ರತಿ ಸಲವೂ ಅವನಿಗೊಂದು ಪ್ಯಾದೆ ಬಿಟ್ಟು.

ಅವನ ದಣಿವಿನ ಕಾರಣ ಒಂದು ಮಧ್ಯಾಹ್ನ ತಿಳಿಯಿತು. ಅಜ್ಜಿ ನಮ್ಮಿಬ್ಬರನ್ನೂ ಅಡಿಗೆಮನೆಗೆ ಕರೆದು ಬಾಗಿಲು ಹಾಕಿ ಹೇಳಿದಳು: ‘ಅವಂಗ ಹೊಟ್ಟ್ಯಾಗ ಗಂಟು ಐತಿ. ಆಪರೇಷನ್ ಮಾಡ್ತಾರ. ಉಳೀತಾನೋ ಇಲ್ಲೋ ಡಾಕ್ಟರ್ ಹೇಳವಲ್ರು.’ ಖಾದರಸಾಬರು ಅವಳ ಕೈಯಲ್ಲಿದ್ದ ಪಾತ್ರೆ ಇಸಿದುಕೊಂಡು ತಾವೇ ತೊಳೆಯತೊಡಗಿದರು. ನಾನು ಅರಿವೆ ಹಿಡಿದು ಒರೆಸತೊಡಗಿದೆ.

ಅದೇ ಸಂಜೆಯ ಆಟದಲ್ಲಿ ಅಜ್ಜನಿಗೆ ರಾಜ ಮತ್ತು ಒಂದು ಪ್ಯಾದೆ ಉಳಿದವು. ಪ್ಯಾದೆ ನನ್ನ ಆನೆಯ ಬಾಯಲ್ಲೇ ಇತ್ತು. ನಾನು ಅದನ್ನು ಬಿಟ್ಟು ಆನೆಯನ್ನು ಬೇರೆಡೆ ನಡೆಸಿದೆ.

‘ಯಾಕ ತಗೊಳ್ಳಲಿಲ್ಲ?’ ಎಂದ ಅಜ್ಜ.

‘ಇರಲಿ ಬಿಡ್ರಿ ಅಜ್ಜಾ, ಒಂದ್ ನಿಮಗಿರಲಿ’ ಎಂದೆ.

ಅಜ್ಜ ನನ್ನನ್ನು ನೋಡಿದ, ಅಡಿಗೆಮನೆಯ ಬಾಗಿಲನ್ನು ನೋಡಿದ, ಕಾಯಿಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬಿದ. ‘ಇನ್ನ ಆಡೂದು ಬ್ಯಾಡ’ ಎಂದು ಎದ್ದು ಹೋದ.

ಮಾತಿಲ್ಲದ ದಿನಗಳು

ಸೋತ ಸಿಟ್ಟು ಎಂದುಕೊಂಡೆ ನಾನು. ವಯಸ್ಸಾದವನು, ಸೋಲು ಸಹಿಸುವುದಿಲ್ಲ, ಇರಲಿ. ಆದರೆ ಅವನು ಬೆಳಗಿನ ನಮಸ್ಕಾರಕ್ಕೂ ಬರೀ ತಲೆ ಅಲ್ಲಾಡಿಸಿದ. ಕಾಫಿ ಕುಡಿದು ಕಿಟಕಿಯ ಕಡೆ ತಿರುಗಿ ಕೂತ. ನನಗೂ ಬಿಗುಮಾನ ಬಂತು. ನಾನೇನು ತಪ್ಪು ಮಾಡಿದ್ದೆ, ಗೆಲ್ಲಬಾರದಿತ್ತೆ?

‘ಮುದುಕನ ಮಾರಿ ನೋಡೋ’ ಎಂದರು ಖಾದರಸಾಬರು ಅಟ್ಟದಲ್ಲಿ. ‘ಅಂವಾ ಸಿಟ್ಟಾಗಿಲ್ಲ, ನೊಂದಾನ. ಅಮ್ಮೀ ನನ್ನ ಮುಂದ ಅಂದ್ಲು, ಜಡ್ಡಿನವ ಅಂತ ನೀ ಅವಗ ಕೈ ಬಿಟ್ಟು ಆಡಾಕತ್ತೀಯಂತ.’

‘ಎಲ್ಲಿ ಕೈ ಬಿಟ್ಟೀನ್ರೀ? ಒಂದೂ ಆಟ ಬಿಡದಂಗ ಸೋಲಿಸೀನಿ.’

‘ಅದನ್ನ ಅವಗ ಹೇಳು.’

‘ನೀವು ಖರೇನ ಸೋತೀರಿ ಅಂತ ಹೇಳಲೇನು ಜಡ್ಡಿನವಗ?’

ಖಾದರಸಾಬರು ಕಂಬಳಿ ಎಳೆದುಕೊಂಡರು. ಅವರಿಗೆ ಬುದ್ಧಿಬಳ ಬರುವುದಿಲ್ಲ, ಕೇರಮ್ ಅಷ್ಟೇ. ನನಗೆ ಬರುತ್ತದೆ, ಆದರೂ ತಲೆಗೆ ಹೋಗಲಿಲ್ಲ.

ಆ ಮನೆಯಲ್ಲಿ ಆ ದಿನಗಳು ಬಹಳ ಭಾರವಾದವು. ಮಂಜು ಬಿದ್ದು ಹೊರಗೂ ಸದ್ದಿಲ್ಲ, ಒಳಗೂ ಸದ್ದಿಲ್ಲ. ಪರದೇಶದಲ್ಲಿ ನನಗಿದ್ದ ಒಂದು ಸಂಜೆಯ ಆಸರೆ ಹೋಗಿತ್ತು, ಅದಕ್ಕಿಂತ ಹೆಚ್ಚಾಗಿ ಈ ಮುದುಕ ನನ್ನ ಮೇಲೆ ಮನಸ್ಸು ಕೆಡಿಸಿಕೊಂಡೇ ಆಸ್ಪತ್ರೆಗೆ ಹೋದರೆ ಎಂಬ ಹೆದರಿಕೆ. ನಾನು ಊರಿಗೆ ಹೊರಡುವ ದಿನವೂ ಹತ್ತಿರವಾಗುತ್ತಿತ್ತು. ಅವನನ್ನು ನಾನು ನಿಜವಾಗಿ ಬಹಳ ಹಚ್ಚಿಕೊಂಡಿದ್ದೆ.

ಸಮುದ್ರದ ದಂಡೆಯ ಊರು

ಹತ್ತಿರದಲ್ಲೇ ಸಮುದ್ರದ ದಂಡೆಯ ಒಂದು ಊರಲ್ಲಿ ದೊಡ್ಡ ದೊಡ್ಡ ಬುದ್ಧಿಬಳದ ಆಟಗಾರರು ಪಂದ್ಯಕ್ಕೆ ಕೂಡಿದ್ದರು. ಗ್ರ್ಯಾಂಡ್‌ಮಾಸ್ಟರ್ ಎನ್ನುತ್ತಾರೆ, ನಮ್ಮಲ್ಲಿ ಉಸ್ತಾದ ಎಂದಂತೆ. ಅಜ್ಜನಿಗೆ ಆಪರೇಷನ್ನಿನ ಮೊದಲು ಒಂದು ಸಲ ಅದನ್ನು ನೋಡುವ ಆಸೆ. ‘ಒಬ್ಬನ್ನ ಕಳಸಾಕ ಧೈರ್ಯ ಇಲ್ಲ. ನೀ ಹೋಗ್ತೀ?’ ಎಂದು ಅಜ್ಜಿ ನನ್ನನ್ನು ಕೇಳಿದಳು. ಹೋದೆ. ಬಸ್ಸಿನಲ್ಲಿ ಅಜ್ಜ ಆ ಕಡೆ ನೋಡುತ್ತ, ನಾನು ಈ ಕಡೆ ನೋಡುತ್ತ.

ದೊಡ್ಡ ದಿವಾಣಖಾನೆ, ಅದರ ತುಂಬ ಚುಟ್ಟಾ ಸೇದಿದ ಹೊಗೆ, ನೂರಾರು ಜನ, ಆದರೂ ಪಿಸುಮಾತಿಗಿಂತ ಜೋರಾಗಿ ಯಾರೂ ಮಾತಾಡುವುದಿಲ್ಲ. ನಮ್ಮ ಹಳಿಯಾಳದಲ್ಲಿ ಇಬ್ಬರು ಆಡಲು ಕೂತರೆ ಸುತ್ತ ನಿಂತ ಹತ್ತು ಮಂದಿ ‘ಕುದುರಿ ಇಡೋ, ಒಂಟಿ ಹೊಡಿಯೋ’ ಎಂದು ಅವರ ಆಟವನ್ನು ತಾವೇ ಆಡಿ ಮುಗಿಸುತ್ತಾರೆ. ಇಲ್ಲಿ ಗೋಡೆಗೆ ದೊಡ್ಡ ಹಲಗೆಗಳನ್ನು ನೇತುಹಾಕಿ, ಮೇಜಿನ ಮೇಲಿನ ನಡೆಗಳನ್ನು ಅದರ ಮೇಲೆ ತೋರಿಸುತ್ತಿದ್ದರು.

ನಮ್ಮ ಎದುರಿನ ಹಲಗೆಯಲ್ಲಿ ಬಿಳಿಯವನು ಮೊದಲ ನಡೆ ನಡೆಸಿದ. ಜನ ಗುಜುಗುಟ್ಟಿದರು. ಎಲ್ಲರೂ ನಡುವಿನ ಪ್ಯಾದೆ ನಡೆಸಿ ಆಟ ತೆರೆದರೆ ಇವನು ವಜೀರನ ಕಡೆಯ ಕುದುರೆಯ ಮುಂದಿನ ಪ್ಯಾದೆಯನ್ನು ಎರಡು ಮನೆ ನಡೆಸಿದ್ದ. ಮುಂಬಾಗಿಲು ತೆರೆದಿದ್ದರೂ ಹಿತ್ತಿಲಿನಿಂದ ಒಳಗೆ ಬಂದಂತೆ. ಅಜ್ಜನ ಮುಖದಲ್ಲಿ ಬಹಳ ದಿನದ ಮೇಲೆ ಬೆಳಕು ಕಂಡಿತು. ‘ಇದನ್ನ ಯಾರೂ ಆಡೂದಿಲ್ಲ’ ಎಂದ, ನನಗೋ ಗೋಡೆಗೋ ತಿಳಿಯದಂತೆ.

ಬಿಳಿಯವನು ಆ ತೆರವಿನಲ್ಲಿ ತನ್ನ ಒಂಟೆಯನ್ನು ಇಟ್ಟು ದೂರದಿಂದ ನಡುವಿನ ಮೇಲೆ ಕಣ್ಣಿಟ್ಟ. ಕರಿಯ ಕಾಯಿಯವನು ಕುದುರೆಯ ಮುಂದಿನ ಆ ಪ್ಯಾದೆಯನ್ನು ಹೊಡೆದ. ಅದಕ್ಕೆ ಬದಲಾಗಿ ಬಿಳಿಯವನು ನಡುವಿನ ಪ್ಯಾದೆಯನ್ನು ಹೊಡೆದ. ಲುಕ್ಸಾನಿ ಇಲ್ಲದ ಸವದಾ. ಆಮೇಲೆ ಗಂಟೆಗಟ್ಟಲೆ ಎಳೆದಾಟ, ಆನೆ ಹೋದವು, ಒಂಟೆ ಹೋದವು, ವಜೀರ ಹೋದ. ಕಡೆಗೆ ಬಿಳಿಯವನಿಗೆ ರಾಜ ಮತ್ತು ಎರಡು ಕುದುರೆ, ಎದುರಿನವನಿಗೆ ರಾಜ ಮತ್ತು ಅಂಚಿನಲ್ಲಿ ಒಂದೇ ಒಂದು ಪ್ಯಾದೆ. ಬಿಳಿಯವನು ಗಡಿಯಾರ ನೋಡಿ, ಸ್ವಲ್ಪ ಯೋಚಿಸಿ, ಕುದುರೆಯಿಂದ ಆ ಪ್ಯಾದೆಯನ್ನು ಹೊಡೆದು ಕೈ ಮುಂದೆ ಮಾಡಿದ. ಇಬ್ಬರೂ ಕೈ ಕುಲುಕಿದರು. ಆಟ ಸಮ.

ನನಗೆ ತಡೆಯಲಾಗಲಿಲ್ಲ. ‘ಅಯ್ಯ, ಈ ಮನಶ್ಯಾ ಕಡೀ ಪ್ಯಾದಿ ಯಾಕ ಹೊಡದ? ಅದನ್ನ ಬಿಡಬೇಕಿತ್ತಲ್ಲ’ ಎಂದೆ ಜೋರಾಗಿ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಅಜ್ಜನೂ ತಿರುಗಿದ. ‘ಯಾಕ ಬಿಡಬೇಕು?’

‘ಕಡೀದು ಹೊಡದ್ರ ಬುರ್ಜಿ ಆಗ್ತೈತಲ್ರಿ, ಅರ್ಧಾ ಆಟ. ಬರೇ ರಾಜ ಉಳದ್ರ ಗೆದ್ದಂಗಲ್ಲ. ನಮ್ಮಲ್ಲಿ ಸಣ್ಣ ಹುಡುಗೂರಿಗೂ ಗೊತ್ತೈತಿ.’

ಅಜ್ಜ ಆ ಉಸ್ತಾದನ ಕಡೆ ಕೈ ಮಾಡಿದ. ‘ಅಂದ್ರ ಅಲ್ಲಿ ಕುಂತಾನಲ್ಲ, ಅವಗೂ ನೀ ಒಂದ್ ಪ್ಯಾದಿ ಬಿಡ್ತಿದ್ದಿ?’

‘ಬಿಡಬೇಕ್ರಿ.’

‘ಅವಗ ಹೊಟ್ಟ್ಯಾಗ ಗಂಟಿಲ್ಲ.’

ಆಗ ನನಗೆ ತಿಳಿಯಿತು. ಅಷ್ಟು ದಿನ ನಾನು ಬಿಟ್ಟ ಪ್ಯಾದೆಯನ್ನೇ ಅವನು ಭಿಕ್ಷೆ ಎಂದು ತಿಳಿದಿದ್ದ. ನನ್ನ ‘ಒಂದ್ ನಿಮಗಿರಲಿ’ ಅವನ ಎದೆಗೆ ಮುಳ್ಳಾಗಿ ಚುಚ್ಚಿತ್ತು. ನನ್ನ ಕಣ್ಣು ತುಂಬಿ ಬಂದವು. ಅಜ್ಜ ಮಾತ್ರ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ನೋವಿಗೋ ನಗುವಿಗೋ ಬಗ್ಗಿ ಬಗ್ಗಿ ನಕ್ಕ. ಕಡೆಗೆ ಕಾವಲಿನವನೊಬ್ಬ ಬಂದು ನಮ್ಮಿಬ್ಬರನ್ನೂ ಹೊರಗೆ ಕಳಿಸಿದ. ನಾನು ಪರದೇಶದಲ್ಲಿ ಕಂಡ ಅತಿ ದೊಡ್ಡ ಮರ್ಯಾದೆ ಅದೇ.

ಅಡಿಗೆಮನೆಯ ಮೇಜು

ಮರುಸಂಜೆಯಿಂದ ಆ ಕಡೆಯ ಪ್ಯಾದೆಯದೇ ವಿಚಾರ. ಉಸ್ತಾದ ಅದನ್ನು ಹೊಡೆಯದೆ ಬಿಟ್ಟಿದ್ದರೆ ಗೆಲ್ಲುತ್ತಿದ್ದನೇ? ಅಜ್ಜ ಹಲಗೆ ಹೂಡಿ ಹೇಳಿಕೊಟ್ಟ. ಬರಿಯ ರಾಜನನ್ನು ಎರಡು ಕುದುರೆಗಳಿಂದ ಕಟ್ಟಲು ಹೋದರೆ ಅವನು ಮೂಲೆಯಲ್ಲಿ ಅಲ್ಲಾಡಲಾಗದೆ ನಿಲ್ಲುತ್ತಾನೆ. ರಾಜನಿಗೆ ಶಹ, ಅಂದರೆ ಚೆಕ್, ಇಲ್ಲದೆ, ನಡೆಯೂ ಇಲ್ಲದೆ ನಿಂತರೆ ಅವರಲ್ಲಿ ಆಟ ಸಮ. ಆದರೆ ಅವನಿಗೊಂದು ಪ್ಯಾದೆಯಿದ್ದರೆ ಅದನ್ನು ನಡೆಸಲೇಬೇಕಾಗುತ್ತದೆ. ಅದು ನಡೆಯುವಷ್ಟರಲ್ಲಿ ಎರಡನೆಯ ಕುದುರೆ ಬಂದು ಮಾತ್ ಮಾಡುತ್ತದೆ.

‘ನಿಮ್ಮ ಮಾವ ಶಾಣ್ಯಾ ಮನಶ್ಯಾ’ ಎಂದ ಅಜ್ಜ.

‘ಮಾವಗ ಇದೆಲ್ಲಾ ಗೊತ್ತಿಲ್ರಿ. ಅಂವಾ ಬರೇ ಕೈ ಮ್ಯಾಲ ಹೊಡಿತಿದ್ದ.’

ಮೂರು ಸಂಜೆ ತಿಕ್ಕಾಡಿದೆವು. ಒಂದು ಕುದುರೆಯಿಂದ ಪ್ಯಾದೆಯ ದಾರಿ ಕಟ್ಟಿದೆವು, ಇನ್ನೊಂದರಿಂದ ರಾಜನನ್ನು ಅಟ್ಟಿದೆವು. ಅಜ್ಜಿ ಕಾಫಿ ಇಟ್ಟು ಹೋದಳು, ಆರಿದ ಮೇಲೆ ಬೈದು ತೆಗೆದುಕೊಂಡು ಹೋದಳು. ಪ್ರತಿ ಸಲವೂ ಅಷ್ಟರಲ್ಲೇ ತಪ್ಪುತ್ತಿತ್ತು. ದಾರಿ ಕಟ್ಟಿದ ಕುದುರೆ ಮಾತ್ ಮಾಡಲು ಹೊರಟ ಕೂಡಲೇ ಪ್ಯಾದೆ ಎರಡು ಹೆಜ್ಜೆ ಓಡಿ ವಜೀರನಾಗಿಬಿಡುತ್ತಿತ್ತು. ಪ್ಯಾದೆ ಒಂದೇ ಒಂದು ಮನೆ ಹೆಚ್ಚು ಮುಂದೆ ಬಂದಿತ್ತು. ಉಸ್ತಾದ ಅದನ್ನು ಹೊಡೆದದ್ದೇ ಸರಿ. ನಾವು ಮೂರು ಸಂಜೆ ಕೂತು ಕಂಡದ್ದನ್ನು ಅವನು ಗಡಿಯಾರ ನೋಡುವಷ್ಟರಲ್ಲಿ ಕಂಡಿದ್ದ.

‘ಅಜ್ಜಾ, ಈ ಪ್ಯಾದಿ ಮೊದಲನೇ ನಡೀಗೆ ಎರಡು ಮನಿ ಹಾರಿತ್ತು, ನೆನಪೈತಿ?’ ಎಂದೆ ನಾನು. ‘ನಮ್ಮೂರ ಕಡೆ ಹಂಗ ಹಾರೂಹಂಗಿಲ್ಲ.’

ಅಜ್ಜ ಗಂಭೀರವಾಗಿ ಆ ಪ್ಯಾದೆಯನ್ನು ಒಂದು ಮನೆ ಹಿಂದಕ್ಕೆ ಸರಿಸಿದ. ‘ಈಗ ಇದು ಹಳಿಯಾಳದಾಗ ಐತಿ. ಆಡು.’

ಆಡಿದೆವು. ನಾಲ್ಕು ಸಲ ಕೈ ತಪ್ಪಿ, ಐದನೆಯ ಸಲ ಕುದುರೆಗೆ ಆ ಒಂದು ನಡೆಯ ಪುರುಸೊತ್ತು ಸಿಕ್ಕಿತು. ಮೂಲೆಯಲ್ಲಿದ್ದ ಅಜ್ಜನ ರಾಜ ಮಾತ್ ಆದ. ಬಲ್ಲವರು ನಮ್ಮ ಆಟ ನೋಡಿದರೆ ನಗುತ್ತಾರೆ, ಇರಲಿ. ಸೋತ ಅಜ್ಜ ಮೇಜು ಗುದ್ದಿ ಹೆಂಡತಿಯನ್ನು ಕೂಗಿದ. ಅವಳು ಬಂದು ನೋಡಿದಳು. ಡಬ್ಬಿ ತಂದು ತೆರೆದಳು, ಒಂದೊಂದು ಬಿಸ್ಕೀಟು ಕೊಟ್ಟು ಮುಚ್ಚಿದಳು.

ಆಸ್ಪತ್ರೆ

ನನ್ನ ಹಡಗು ಹೊರಡುವ ಮರುದಿನ ಬೆಳಿಗ್ಗೆಯೇ ಅಜ್ಜನ ಆಪರೇಷನ್ನು. ಖಾದರಸಾಬರ ಕೆಲಸ ಇನ್ನೂ ಮುಗಿದಿರಲಿಲ್ಲ, ಅವರು ಉಳಿಯುವವರಿದ್ದರು. ನಾನು ಹೇಳಿ ಹೋಗಲು ಆಸ್ಪತ್ರೆಗೆ ಹೋದೆ. ಎಷ್ಟು ಬೆಳ್ಳಗಿನ ಗೋಡೆ, ಎಷ್ಟು ಬಿಗಿದ ಚಾದರ. ಅದರೊಳಗೆ ಅಜ್ಜ ಸಣ್ಣವನಾಗಿ ಕಂಡ. ಎದೆಯ ಮೇಲೆ ಆಗಲೇ ಹಲಗೆ ಹೂಡಿಕೊಂಡಿದ್ದ.

‘ಇವತ್ತ ನಿಮ್ಮೂರಿನಂಗ ಆಡೂಣು’ ಎಂದ. ಕುದುರೆಯ ಮುಂದಿನ ಪ್ಯಾದೆಯನ್ನೇ ಮೊದಲು ನಡೆಸಿದ, ಒಂದೇ ಮನೆ.

ನಾನು ಸೋಲಬೇಕೆಂದು ನೋಡಿದೆ. ಒಂದು ನಡೆ ಬೇಕೆಂದೇ ತಪ್ಪಿಟ್ಟೆ. ಅಜ್ಜ ಆ ಕಾಯಿಯನ್ನು ಎತ್ತಿ ನನ್ನ ಕೈಗೇ ಕೊಟ್ಟು ‘ಸರಿಯಾಗಿ ಇಡು’ ಎಂದ. ಆಮೇಲೆ ಸರಿಯಾಗಿಯೇ ಆಡಿದೆ. ಅವನಿಗೆ ರಾಜ ಮತ್ತು ಒಂದು ಪ್ಯಾದೆ ಉಳಿದವು, ನನಗೆ ಆನೆ ಇತ್ತು. ಪದ್ಧತಿಯಂತೆ ಪ್ಯಾದೆ ಬಿಟ್ಟು ಆನೆಯನ್ನು ಬೇರೆ ಕಡೆ ಒಯ್ಯುತ್ತಿದ್ದೆ. ಅಜ್ಜ ನನ್ನ ಕೈ ಹಿಡಿದ.

‘ಪ್ಯಾದಿ ತಗೋ.’

‘ತಗೊಂಡ್ರ ಸಮ ಆಗ್ತೈತ್ರಿ ಅಜ್ಜಾ.’

‘ಗೊತ್ತೈತಿ. ಗೆಲ್ಲಾಕ ನನ್ನ ಕೈಲಿಂದ ಆಗೂದಿಲ್ಲ. ಸೋತು ಒಳಗ ಹೋಗಾಕ ಮನಸ್ಸಿಲ್ಲ. ತಗೋ.’

ಹುಟ್ಟಿದಾಗಿನಿಂದ ಬೈದು ಹೊಡೆದು ಬಿಡಿಸಿದ ಕೆಲಸ ಅದು, ಕೈ ಏಳಲೇ ಇಲ್ಲ. ಅಜ್ಜ ಕಾಯುತ್ತಿದ್ದ. ಆನೆ ನಡೆಸಿ ಕಡೆಯ ಪ್ಯಾದೆಯನ್ನು ಹೊಡೆದೆ. ಅವನು ಆ ಉಸ್ತಾದನ ಹಾಗೆ ಕೈ ಮುಂದೆ ಮಾಡಿದ. ನಾನು ಎರಡೂ ಕೈಯಿಂದ ಹಿಡಿದುಕೊಂಡೆ, ಬಿಡಲು ಮನಸ್ಸಾಗಲಿಲ್ಲ.

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ‘ಯಾರು ಗೆದ್ರಿ?’ ಎಂದಳು.

‘ಯಾರೂ ಸೋತಿಲ್ಲ’ ಎಂದ ಅಜ್ಜ.

ದಾಂಡೇಲಿ ಸ್ಟೇಶನ್

ಹಡಗಿನಲ್ಲಿ ನಾನು ಹೇಗಿದ್ದೆ ಎಂದು ಬರೆಯುವುದಿಲ್ಲ. ಊರಿಗೆ ಬಂದ ಮೇಲೆ ಎಲ್ಲರೂ ಏನು ತಿಂದಿರಿ ಎಂದು ಕೇಳಿದರು, ನಾನು ಬ್ರೆಡ್ಡು ಎಂದೆ. ಆಮೇಲೆ ಒಂದು ದಿನ ಖಾದರಸಾಬರು ಅಳ್ನಾವರದ ಗಾಡಿಯಿಂದ ದಾಂಡೇಲಿಯಲ್ಲಿ ಇಳಿದರು. ಅವರ ಟ್ರಂಕಿಗೆ ಕೈ ಹಾಕುವ ಮೊದಲೇ ನಾನು ಕೇಳಿದೆ: ‘ಅಜ್ಜ?’

‘ಅದಾನ’ ಎಂದರು ಅವರು. ‘ಗಂಟು ತಗದ್ರು. ಸೊರಗ್ಯಾನ, ಆದ್ರ ಕೋಲು ಹಿಡಕೊಂಡು ಬುದ್ಧಿಬಳದ ಕ್ಲಬ್ಬಿಗೆ ಹೊಂಟಾನ. ಆದ್ರ ಅಲ್ಲಿ ಅವನ ಜೋಡಿ ಆಡಾಕ ಯಾರೂ ತಯಾರಿಲ್ಲಪಾ.’

‘ಯಾಕ್ರೀ?’

‘ಗೆಲ್ಲೂ ಹೊತ್ತಿನ್ಯಾಗ ಎದುರಿನವಗ ಒಂದ್ ಪ್ಯಾದಿ ಬಿಡ್ತಾನಂತ. ಎಲ್ಲಾರೂ ಸಿಟ್ಟಾಗ್ಯಾರ.’